ದಗ್ಧವಿಚಾರ: ಕಿರಣಚಿಕಿತ್ಸೆಯ ಚರ್ಮದಾಹವೂ ಮೂಲಿಕೆಗಳ ಲೇಪವೂ

೧

ಅರ್ಬುದರೋಗಕ್ಕೆ, ಎಂದರೆ ಇಂದಿನ ಬಳಕೆಯ ಮಾತಿನಲ್ಲಿ ಕ್ಯಾನ್ಸರಿಗೆ, ಕಿರಣಗಳಿಂದ ಚಿಕಿತ್ಸೆಮಾಡುವ ಪದ್ಧತಿಯು ಹುಟ್ಟಿ ನೂರಿಪ್ಪತ್ತೈದು ವರ್ಷಗಳಿಗೆ ಮೇಲಾಯಿತು. ಈ ಚಿಕಿತ್ಸೆಯು ಎಷ್ಟೋ ಜನರಿಗೆ ಪ್ರಾಣದಾನಮಾಡಿದೆ. ಆದರೆ ಕಿರಣವು ಒಳಗಿನ ಗಂಟನ್ನು ಮುಟ್ಟಬೇಕಾದರೆ ಹೊರಗಿನ ಚರ್ಮವನ್ನು ದಾಟಿಯೇ ಹೋಗಬೇಕು. ಹಾಗೆ ದಾಟುವಾಗ ಚರ್ಮವು ಕೆಂಪೇರುವುದು, ಉರಿಯುವುದು, ಕಪ್ಪಾಗಿ ಹೊಟ್ಟುಹೊಟ್ಟಾಗಿ ಉದುರುವುದು, ಕೆಲವೆಡೆ ಸುಲಿದು ಒಸರುವುದು ಸಂಭವಿಸುತ್ತದೆ. ಈ ಉಪದ್ರವಕ್ಕೆ ಲೋಳೆಸರ, ಅರಿಸಿನ, ಗಂಧ ಮೊದಲಾದ ಮೂಲಿಕೆಗಳನ್ನು ಹಚ್ಚುವ ರೂಢಿ ನಮ್ಮ ದೇಶದಲ್ಲಿಯೂ ಹೊರದೇಶಗಳಲ್ಲಿಯೂ ಇದೆ. ಈ ರೂಢಿ ಎಲ್ಲಿಂದ ಬಂದಿತು, ಯಾವ ತರ್ಕದ ಮೇಲೆ ನಿಂತಿದೆ, ಪರೀಕ್ಷೆಗೆ ಒಡ್ಡಿದಾಗ ಎಷ್ಟುಮಟ್ಟಿಗೆ ಉಳಿಯಿತು ಎಂಬ ಮೂರು ಅಂಶಗಳನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶವು.

ಇದು ವೈದ್ಯರ ವಿಷಯ, ಸಾಹಿತ್ಯಪತ್ರಿಕೆಗೆ ಇದರಿಂದೇನೆಂದು ಕೆಲವರು ಕೇಳಬಹುದು. ವಿಚಾರಮಾಡಿದರೆ ಇದರ ಬುಡದಲ್ಲಿರುವುದು ಒಂದು ಶಬ್ದವೇ ಎಂದು ತಿಳಿದುಬರುತ್ತದೆ. ಕಿರಣದಿಂದಾದ ಗಾಯವನ್ನು ಮೊದಲು ಕಂಡ ಯೂರೋಪಿನವರು ಅದನ್ನು 'ಸುಟ್ಟ ಗಾಯ' ಎಂದು ಕರೆದರು. ನಮ್ಮವರೂ 'ದಗ್ಧ' ಎಂದರು. ಹೆಸರು ಬಂದ ಕೂಡಲೇ ಹೆಸರಿನ ಹಿಂದೆ ಔಷಧವೂ ಬಂದಿತು. ಬೆಂಕಿಯಿಂದ ಸುಟ್ಟುದಕ್ಕೆ ಏನನ್ನು ಹಚ್ಚುತ್ತಿದ್ದರೋ ಅದನ್ನೇ ಇದಕ್ಕೂ ಹಚ್ಚಿದರು. ಆದುದರಿಂದ ಶಬ್ದಾರ್ಥದ ವಿಚಾರವು ಇಲ್ಲಿ ರೋಗಿಯ ಮೈಯ ವಿಚಾರವೂ ಆಗಿದೆ.

ನೈಯಾಯಿಕರು ಉಪಮಾನಪ್ರಮಾಣಕ್ಕೆ ಕೊಡುವ ಗವಯದ ದೃಷ್ಟಾಂತವು ವಾಚಕರಿಗೆ ತಿಳಿದೇ ಇದೆ. ಗವಯವು ಗೋವಿನಂತಿರುವುದೆಂದು ಕೇಳಿದ್ದವನು ಕಾಡಿನಲ್ಲಿ ಅಂಥ ಮೃಗವನ್ನು ಕಂಡು, ಇದೇ ಗವಯವೆಂದು ತಿಳಿಯುತ್ತಾನೆ. ಈ ಪ್ರಮಾಣದಿಂದ ಸಿದ್ಧಿಸುವುದು ಸಂಜ್ಞೆಗೂ ಸಂಜ್ಞಿಗೂ ಇರುವ ಸಂಬಂಧಜ್ಞಾನವಷ್ಟೆ. ಗವಯವು ಗೋವಿನಂತಿದೆ ಎಂದ ಮಾತ್ರಕ್ಕೆ ಅದನ್ನು ಕೊಟ್ಟಿಗೆಯಲ್ಲಿ ಕಟ್ಟಿ ಹಾಲು ಕರೆಯಬಹುದೆಂದು ಏರ್ಪಡುವುದಿಲ್ಲ. ಈ ವಿವೇಕವನ್ನು ಮುಂದಿಟ್ಟುಕೊಂಡು ವಿಷಯವನ್ನು ಪ್ರವೇಶಿಸೋಣ.

೨

ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಹನ್ನೆರಡನೆಯ ಅಧ್ಯಾಯವು ಅಗ್ನಿಕರ್ಮವನ್ನು ಕುರಿತದ್ದು. ವೈದ್ಯನು ರೋಗನಿವಾರಣೆಗಾಗಿ ತಾನೇ ಕಾದ ಶಲಾಕೆ ಮೊದಲಾದುವುಗಳಿಂದ ಸುಡುವ ವಿಧಾನವು ಅಲ್ಲಿ ಹೇಳಲ್ಪಟ್ಟಿದೆ. ಅದೇ ಅಧ್ಯಾಯದಲ್ಲಿ ಸುಟ್ಟ ಗಾಯಗಳ ಲಕ್ಷಣವೂ ಚಿಕಿತ್ಸೆಯೂ ಬರುತ್ತವೆ. ದಗ್ಧವು ನಾಲ್ಕು ವಿಧ: ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧ. ಬಣ್ಣಗೆಟ್ಟು ಬಹಳವಾಗಿ ಉರಿಯುವುದು ಪ್ಲುಷ್ಟ. ಬೊಬ್ಬೆಗಳೆದ್ದು ಕೆಂಪು, ಉರಿ, ನೋವುಗಳಿಂದ ಕೂಡಿ ಬಹುಕಾಲಕ್ಕೆ ಶಮನವಾಗುವುದು ದುರ್ದಗ್ಧ. ಆಳಕ್ಕಿಳಿಯದೆ ತಾಳೆಯ ಹಣ್ಣಿನ ಬಣ್ಣವನ್ನು ತಳೆದುದು ಸಮ್ಯಗ್ದಗ್ಧ. ಮಾಂಸವು ಜೋತು, ಸಿರಾಸ್ನಾಯುಸಂಧಿಗಳು ಕೆಟ್ಟು, ಜ್ವರ ಬಾಯಾರಿಕೆ ಮೂರ್ಛೆಗಳು ಸೇರಿದುದು ಅತಿದಗ್ಧ.

ಚಿಕಿತ್ಸೆಯೂ ಇದಕ್ಕೆ ತಕ್ಕಂತೆ ಭಿನ್ನವಾಗಿದೆ. ಎಲ್ಲಕ್ಕೂ ಒಂದೇ ತಂಪು ಲೇಪವಲ್ಲ. ಪ್ಲುಷ್ಟಕ್ಕೆ ಕಾಯಿಸುವಿಕೆಯನ್ನೂ ಉಷ್ಣವಾದ ಔಷಧವನ್ನೂ, ದುರ್ದಗ್ಧಕ್ಕೆ ಶೀತೋಷ್ಣಗಳೆರಡನ್ನೂ ಸುಶ್ರುತನು ವಿಧಿಸುತ್ತಾನೆ. ಸಮ್ಯಗ್ದಗ್ಧಕ್ಕೆ ತುಗಾಕ್ಷೀರಿ, ಬಸರಿ, ಗಂಧ, ಕಾವಿಮಣ್ಣು, ಅಮೃತಬಳ್ಳಿ ಇವುಗಳನ್ನು ತುಪ್ಪದೊಡನೆ ಕೂಡಿಸಿ ಹಚ್ಚಬೇಕೆಂದಿದೆ. ಅತಿದಗ್ಧದಲ್ಲಿ ಜೋತ ಮಾಂಸವನ್ನು ತೆಗೆದು ಶೀತಕ್ರಿಯೆಯನ್ನು ಮಾಡತಕ್ಕದ್ದು. ಇದಲ್ಲದೆ ಜೇನುಮೇಣ, ಯಷ್ಟಿಮಧು, ಲೋಧ್ರ, ರಾಳ, ಮಂಜಿಷ್ಠ, ಗಂಧ, ಮೂರ್ವಾ ಇವುಗಳನ್ನು ಅರೆದು ಬೇಯಿಸಿದ ಘೃತವು ಎಲ್ಲ ಅಗ್ನಿದಗ್ಧಗಳನ್ನೂ ಮಾಯಿಸತಕ್ಕ ಉತ್ತಮಲೇಪವೆಂದು ಹೇಳಲಾಗಿದೆ.

ಈ ಪಟ್ಟಿಯಲ್ಲಿ ಲೋಳೆಸರವಿಲ್ಲ ಎಂಬುದನ್ನು ವಾಚಕರು ಗಮನಿಸಬೇಕು. ಕುಮಾರೀ, ಘೃತಕುಮಾರೀ ಎಂಬ ಹೆಸರುಗಳಿಂದ ಆ ಗಿಡವು ಅಗ್ನಿದಗ್ಧಕ್ಕೂ ವಿಸ್ಫೋಟಕ್ಕೂ ಚರ್ಮರೋಗಗಳಿಗೂ ಹಿತಕರವೆಂದು ಹದಿನಾರನೆಯ ಶತಮಾನದ ಭಾವಮಿಶ್ರನ ಭಾವಪ್ರಕಾಶದಲ್ಲಿ ಹೇಳಿದೆ. ಆದುದರಿಂದ, ಸುಟ್ಟ ಗಾಯಕ್ಕೆ ಲೋಳೆಸರವೆಂಬುದು ಸುಶ್ರುತನ ಕಾಲದಿಂದ ಬಂದ ವಿಧಿಯೆಂದು ಹೇಳುವ ಮಾತಿಗೆ ಈ ಅಧ್ಯಾಯದಲ್ಲಿ ಆಧಾರವಿಲ್ಲ. ಅದು ಪರಂಪರೆಯ ಮಾತೇ ಸರಿ; ಆದರೆ ಪರಂಪರೆಯ ಒಳಗೂ ಪೂರ್ವಾಪರಗಳುಂಟು.

ಇನ್ನೊಂದು ಅಂಶವಿದೆ. ಅದೇ ಅಧ್ಯಾಯದ ಕೊನೆಯಲ್ಲಿ ಬಿಸಿಗಾಳಿ ಬಿಸಿಲುಗಳಿಂದ ಸುಟ್ಟವರಿಗೆ ಶೀತವಿಧಿಯನ್ನು ಹೇಳಿ, ಅತಿಯಾದ ತೇಜಸ್ಸಿನಿಂದ ಸುಟ್ಟವನಿಗೆ ಯಾವ ಬಗೆಯಿಂದಲೂ ಸಿದ್ಧಿಯಿಲ್ಲವೆಂದು ಹೇಳಿದೆ. ಈ ತೇಜಸ್ಸನ್ನು ಇಂದಿನ ವಿಕಿರಣವೆಂದು ಅರ್ಥಮಾಡಬಹುದಲ್ಲವೆ ಎಂಬ ಆಸೆ ಯಾರಿಗಾದರೂ ಹುಟ್ಟುವುದು ಸಹಜ. ಆದರೆ ಆ ಮಾತಿನ ಬೆನ್ನಿಗೇ ಸಿಡಿಲಿನ ಬೆಂಕಿಯಿಂದ ಸುಟ್ಟೂ ಬದುಕಿರುವವನಿಗೆ ಅಭ್ಯಂಗ, ಪರಿಷೇಕ, ಪ್ರದೇಹಗಳ ಉಪಚಾರವು ವಿಹಿತವಾಗಿದೆ. ಪ್ರಕರಣವು ಬಿಸಿಲು, ಗಾಳಿ, ಸಿಡಿಲುಗಳದು. ಪ್ರಕರಣವನ್ನು ಮೀರಿ ಪದಕ್ಕೆ ಅರ್ಥವನ್ನು ಕಟ್ಟುವುದು ಶಾಸ್ತ್ರಕ್ಕೆ ಗೌರವ ತರುವ ಕೆಲಸವಲ್ಲ. ಸುಶ್ರುತನು ಕಾಣದಿದ್ದುದನ್ನು ಅವನು ಕಂಡನೆಂದು ಹೇಳಿದರೆ, ಅವನು ನಿಜವಾಗಿ ಕಂಡುದರ ಬೆಲೆಯೂ ಕುಂದುತ್ತದೆ.

೩

ಕಿರಣದಗ್ಧದ ಚರಿತ್ರೆಯು ೧೮೯೫ನೆಯ ಇಸವಿಯ ನವೆಂಬರಿನಲ್ಲಿ ಜರ್ಮನಿಯ ರಾಂಟ್‌ಗೆನ್ ಎಂಬ ವಿದ್ವಾಂಸನು ಕ್ಷಕಿರಣಗಳನ್ನು ಕಂಡುಹಿಡಿದಂದಿನಿಂದ ತೊಡಗುತ್ತದೆ. ಮರುವರ್ಷವೇ ಆ ಯಂತ್ರಗಳೊಡನೆ ಕೆಲಸಮಾಡುತ್ತಿದ್ದವರ ಕೈಗಳಲ್ಲಿ ಕೆಂಪು, ಊತ, ಕೂದಲುದುರುವಿಕೆ, ಹುಣ್ಣು ಕಾಣಿಸಿಕೊಂಡುವು. ಅಮೆರಿಕದ ಎಡಿಸನ್ನನ ಸಹಾಯಕನಾದ ಕ್ಲಾರೆನ್ಸ್ ಡ್ಯಾಲಿ ಎಂಬಾತನು ಇಂಥ ಗಾಯಗಳು ಅರ್ಬುದಕ್ಕೆ ತಿರುಗಿ ೧೯೦೪ರಲ್ಲಿ ತೀರಿಕೊಂಡನು. ಎಡಿಸನ್ನನು ಕ್ಷಕಿರಣದ ಕೆಲಸವನ್ನೇ ಕೈಬಿಟ್ಟನು.

ರೇಡಿಯಂ ಧಾತುವಿನ ವೃತ್ತಾಂತವೂ ಹೀಗೆಯೇ. ಕ್ಯೂರಿ ದಂಪತಿಗಳು ಅದನ್ನು ೧೮೯೮ರಲ್ಲಿ ಕಂಡುಹಿಡಿದರು. ೧೯೦೧ರಲ್ಲಿ ಬೆಕೆರೆಲ್ ಎಂಬ ವಿಜ್ಞಾನಿಯು ರೇಡಿಯಮ್ಮಿದ್ದ ಸಣ್ಣ ನಳಿಗೆಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡಿದನು. ಕೆಲವು ದಿನಗಳ ಮೇಲೆ ಜೇಬಿನ ನೇರಕ್ಕೆ ಚರ್ಮವು ಕೆಂಪಾಗಿ ಹುಣ್ಣಾಯಿತು. ಪಿಯೆರ್ ಕ್ಯೂರಿಯು ಬೇಕೆಂದೇ ತನ್ನ ತೋಳಿಗೆ ರೇಡಿಯಮ್ಮನ್ನು ಕಟ್ಟಿ ನೋಡಿದನು. ಐವತ್ತೆರಡನೆಯ ದಿನದಲ್ಲಿಯೂ ಆ ಗಾಯವು ಪೂರ್ತಿ ಮಾಯ್ದಿರಲಿಲ್ಲ. ಇಲ್ಲಿ ಒಂದು ವಿಶೇಷವುಂಟು. ಬೆಂಕಿ ತಗುಲಿದರೆ ಆ ಕ್ಷಣವೇ ಉರಿ. ಈ ದಗ್ಧದಲ್ಲಿ ತಗುಲಿದಾಗ ಏನೂ ಇಲ್ಲ. ದಿನಗಳು ಕಳೆದ ಮೇಲೆ ಗಾಯ. ಹೆಸರು ಒಂದಾದರೂ ನಡವಳಿಕೆ ಬೇರೆಯೆಂಬುದು ಮೊದಲ ದಿನಗಳಲ್ಲಿಯೇ ಪ್ರತ್ಯಕ್ಷವಾಗಿತ್ತು.

ಹೀಗೆ ಚರ್ಮವನ್ನು ಕೆಡಿಸುವ ಶಕ್ತಿಯೇ ದುರ್ಮಾಂಸವನ್ನೂ ಕೆಡಿಸಬಹುದೆಂದು ವೈದ್ಯರು ಊಹಿಸಿದರು. ಅಲ್ಲಿಂದ ಕಿರಣಚಿಕಿತ್ಸೆ ಬೆಳೆಯಿತು. ಕಿರಣದ ಮಾತ್ರೆಯನ್ನು ಅಳೆಯುವುದಕ್ಕೆ ಮೊದಮೊದಲು ಒಪ್ಪಿತವಾದ ಮಾನವಿರಲಿಲ್ಲ. ರೋಗಿಯ ಚರ್ಮವು ಎಷ್ಟು ಕಿರಣಕ್ಕೆ ಕೆಂಪಾಗುವುದೋ ಅದೇ ಒಂದು ಮಾನವಾಗಿತ್ತು. ೧೯೨೮ರಲ್ಲಿ ಸ್ಟಾಕ್‌ಹೋಮಿನ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ರಾಂಟ್‌ಗೆನ್ ಎಂಬ ಮಾನವನ್ನು ಅಂಗೀಕರಿಸುವವರೆಗೂ ಚರ್ಮವೇ ವೈದ್ಯನ ತಕ್ಕಡಿಯಾಗಿತ್ತೆಂದರೆ ತಪ್ಪಾಗಲಾರದು. ಪ್ಯಾರಿಸಿನ ರೆಗೊ, ಕೂಟಾರ್ ಮೊದಲಾದವರು ಮಾತ್ರೆಯನ್ನು ಒಂದೇ ಸಲಕ್ಕೆ ಕೊಡದೆ ಹಲವು ದಿನಗಳಿಗೆ ಹಂಚಿಕೊಡುವ ಕ್ರಮವನ್ನು ರೂಢಿಗೆ ತಂದರು. ಇಂದಿಗೂ ವಾರಕ್ಕೆ ಐದು ದಿನದಂತೆ ಹಲವು ವಾರ ಕೊಡುವುದು ಸಾಮಾನ್ಯಪದ್ಧತಿಯಾಗಿದೆ.

೪

ಈ ದಗ್ಧಕ್ಕೆ ಮೂಲಿಕೆಯನ್ನು ಪ್ರಯೋಗಿಸಿದುದಾಗಿ ವೈದ್ಯಪತ್ರಿಕೆಗಳಲ್ಲಿ ಪ್ರಸಿದ್ಧವಾದ ಮೊದಲ ಬರಹವು ೧೯೩೫ನೆಯ ಇಸವಿಯದು. ಅಮೆರಿಕದಲ್ಲಿ ಕಾಲಿನ್ಸ್ ಎಂಬ ಒಂದೇ ಹೆಸರಿನ ಇಬ್ಬರು ವೈದ್ಯರು, ಕ್ಷಕಿರಣದಿಂದ ಕೆಟ್ಟ ಚರ್ಮಕ್ಕೆ ಲೋಳೆಸರದ ಹಸಿ ಎಲೆಯನ್ನು ಇಡಿಯಾಗಿ ಬಳಸಿ ಗುಣವನ್ನು ಕಂಡುದಾಗಿ ವರದಿಮಾಡಿದರು. ಸುಟ್ಟುದಕ್ಕೆ ಆ ಎಲೆಯನ್ನು ಇಡುವುದು ಬಹು ದೇಶಗಳ ಗೃಹವೈದ್ಯದಲ್ಲಿದ್ದುದರಿಂದ ಈ ವರದಿಗೆ ಬೇಗನೆ ಪ್ರಚಾರ ಬಂದಿತು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಅಣುಬಾಂಬು ಸಿಡಿದ ಮೇಲೆ ವಿಕಿರಣದಗ್ಧದ ಚಿಕಿತ್ಸೆಯು ರಾಜ್ಯಗಳಿಗೂ ಚಿಂತೆಯ ವಿಷಯವಾಯಿತು. ೧೯೫೩ರಲ್ಲಿ ಲಷ್‌ಬಾ ಮತ್ತು ಹೇಲ್ ಎಂಬವರು ಮೊಲಗಳ ಮೇಲೆ ಪ್ರಯೋಗಮಾಡಿ, ಲೋಳೆಸರ ಹಚ್ಚಿದ ಹುಣ್ಣುಗಳು ಹಚ್ಚದವಕ್ಕಿಂತ ಬೇಗ ಮಾಯ್ದುವೆಂದು ತಿಳಿಸಿದರು.

ಇಷ್ಟರಿಂದ ಲೋಳೆಸರದ ಕೀರ್ತಿ ಸ್ಥಿರವಾದಂತೆ ತೋರಿತು. ಆದರೆ ಒಬ್ಬಿಬ್ಬರಿಗೆ ಗುಣವಾಯಿತೆಂಬುದು ಪ್ರಮಾಣವಾಗಬೇಕಾದರೆ, ಹಚ್ಚದೆ ಇದ್ದರೂ ಗುಣವಾಗುತ್ತಿತ್ತೆ ಎಂಬ ಪ್ರಶ್ನೆಗೆ ಉತ್ತರ ದೊರೆಯಬೇಕು. ಅನ್ವಯದಂತೆ ವ್ಯತಿರೇಕವೂ ಬೇಕೆಂದು ನಮ್ಮ ತಾರ್ಕಿಕರು ಹೇಳುವುದು ಇದನ್ನೇ. ೧೯೯೬ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಸ್ತನದ ಅಥವಾ ಎದೆಗೋಡೆಯ ಭಾಗಕ್ಕೆ ಕಿರಣಚಿಕಿತ್ಸೆ ಪಡೆಯುತ್ತಿದ್ದ ೧೯೪ ಮಂದಿ ಸ್ತ್ರೀಯರಲ್ಲಿ ಕೆಲವರಿಗೆ ಲೋಳೆಸರದ ಲೇಪವನ್ನೂ ಕೆಲವರಿಗೆ ನೋಡಲು ಹಾಗೆಯೇ ಇದ್ದ ಬರಿಯ ಲೇಪವನ್ನೂ ಕೊಟ್ಟರು. ಯಾರಿಗೆ ಯಾವುದೆಂಬುದು ರೋಗಿಗೂ ವೈದ್ಯರಿಗೂ ತಿಳಿದಿರಲಿಲ್ಲ. ಎರಡು ಪಂಗಡಗಳಿಗೂ ವ್ಯತ್ಯಾಸ ಕಾಣಲಿಲ್ಲ. ಏನನ್ನೂ ಹಚ್ಚದವರೊಡನೆ ಹೋಲಿಸಿದ ಎರಡನೆಯ ಪರೀಕ್ಷೆಯಲ್ಲಿಯೂ ಫಲವು ಹಾಗೆಯೇ ಬಂದಿತು. ೨೦೦೨ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪರೀಕ್ಷೆಯಲ್ಲಿ ೨೨೫ ಮಂದಿ ಸ್ತನರೋಗಿಗಳಿದ್ದರು. ಚರ್ಮವು ಒಣಗಿ ಉದುರುವುದನ್ನೂ ನೋವನ್ನೂ ತಗ್ಗಿಸುವುದರಲ್ಲಿ ಲೋಳೆಸರಕ್ಕಿಂತ ಸಾಧಾರಣವಾದ ನೀರುಮಿಶ್ರಿತ ಲೇಪವೇ ಮೇಲಾಗಿ ಕಂಡಿತು.

ಲೋಳೆಸರದ ಪಕ್ಷದವರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ೧೯೩೫ರಲ್ಲಿ ಬಳಸಿದುದು ಹಸಿ ಎಲೆ. ಮುಂದಿನ ಪರೀಕ್ಷೆಗಳಲ್ಲಿ ಬಳಸಿದುದು ಸಂಸ್ಕರಿಸಿದ ಲೋಳೆ. ಇವೆರಡೂ ಒಂದೇ ದ್ರವ್ಯವಲ್ಲವೆಂಬ ಈ ಮಾತು ನ್ಯಾಯವಾದುದು. ಸಿಪ್ಪೆಯ ಕೆಳಗಿನ ಹಳದಿ ಕಹಿರಸವು ಒಣಗಿದರೆ ಕರಿಬೋಳವಾಗುತ್ತದೆ. ಅದರ ಗುಣ ಬೇರೆ, ಒಳಗಿನ ತಿಳಿಲೋಳೆಯ ಗುಣ ಬೇರೆ. ಆದರೆ ಈ ಆಕ್ಷೇಪದಿಂದ ಫಲಿಸುವುದು ಇನ್ನೊಂದು ಪರೀಕ್ಷೆ ಬೇಕೆಂಬುದೇ ಹೊರತು ಹಸಿ ಎಲೆಗೆ ಜಯವಾಯಿತೆಂಬುದಲ್ಲ.

೫

ಯೂರೋಪಿನಲ್ಲಿ ಇದೇ ಕೆಲಸಕ್ಕೆ ಹೆಸರಾದುದು ಕ್ಯಾಲೆಂಡುಲ ಎಂಬ ಹಳದಿ ಹೂ. ಇಂಗ್ಲಿಷಿನಲ್ಲಿ ಅದಕ್ಕೂ ನಮ್ಮ ಚೆಂಡುಹೂವಿಗೂ ಮ್ಯಾರಿಗೋಲ್ಡ್ ಎಂಬ ಹೆಸರು ಸಲ್ಲುತ್ತದೆ. ಇದರಿಂದ ಎರಡನ್ನೂ ಒಂದೇ ಎಂದು ತಿಳಿದು ಚೆಂಡುಹೂವನ್ನು ಅರೆದು ಹಚ್ಚುವ ಪ್ರಮಾದ ಸಂಭವಿಸಬಹುದು. ಚೆಂಡುಹೂ ಅಮೆರಿಕಾ ಖಂಡದಿಂದ ಬಂದ ಬೇರೆ ಕುಲದ ಗಿಡ. ನಿಘಂಟುಕಾರರು ಒಂದು ಹೆಸರಿಗೆ ಹಲವು ದ್ರವ್ಯಗಳನ್ನೂ ಒಂದು ದ್ರವ್ಯಕ್ಕೆ ಹಲವು ಹೆಸರುಗಳನ್ನೂ ಕಷ್ಟಪಟ್ಟು ವಿಂಗಡಿಸಿದುದು ಪಾಂಡಿತ್ಯಪ್ರದರ್ಶನಕ್ಕಲ್ಲ, ಇಂಥ ಪ್ರಮಾದಗಳ ನಿವಾರಣೆಗೇ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಫ್ರಾನ್ಸಿನ ಲಿಯೋನಿನಲ್ಲಿ ನಡೆದು ೨೦೦೪ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ೨೫೪ ಮಂದಿ ಸ್ತನರೋಗಿಗಳು ಭಾಗವಹಿಸಿದ್ದರು. ಕ್ಯಾಲೆಂಡುಲ ಹಚ್ಚಿದವರಲ್ಲಿ ನೂರಕ್ಕೆ ೪೧ ಮಂದಿಗೂ, ಟ್ರೋಲಮೀನ್ ಎಂಬ ಲೇಪವನ್ನು ಹಚ್ಚಿದವರಲ್ಲಿ ನೂರಕ್ಕೆ ೬೩ ಮಂದಿಗೂ ಎರಡನೆಯ ಅಥವಾ ಅದಕ್ಕೂ ಮೇಲಿನ ದರ್ಜೆಯ ಚರ್ಮವಿಕಾರವಾಯಿತು. ಈ ಫಲವು ಬಹಳ ಆಸೆಯನ್ನು ಹುಟ್ಟಿಸಿತು. ಆದರೆ ಸ್ವೀಡನ್ನಿನಲ್ಲಿ ೪೧೧ ಮಂದಿಯ ಮೇಲೆ ನಡೆದು ೨೦೧೩ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಸಾಮಾನ್ಯ ಲೇಪಕ್ಕಿಂತ ಕ್ಯಾಲೆಂಡುಲದಿಂದ ಹೆಚ್ಚು ಗುಣವು ಕಾಣಲಿಲ್ಲ. ಒಂದು ಪರೀಕ್ಷೆಯ ಗೆಲುವು ಯಾವುದರ ಎದುರಿಗಿನ ಗೆಲುವೆಂಬುದನ್ನೂ ನೋಡಬೇಕೆಂದು ಇದರಿಂದ ತಿಳಿಯುತ್ತದೆ.

ಅರಿಸಿನದ ಕಥೆಯೂ ಇದಕ್ಕೆ ಸಮಾನವಾಗಿದೆ. ವ್ರಣಚಿಕಿತ್ಸೆಯಲ್ಲಿ ಹರಿದ್ರೆಯು ಪ್ರಸಿದ್ಧವಾದುದು. ಅದರ ಸಾರವಾದ ಕುರ್ಕುಮಿನ್ನನ್ನು ದಿನಕ್ಕೆ ಆರು ಗ್ರಾಂನಂತೆ ಹೊಟ್ಟೆಗೆ ಕೊಟ್ಟ ಒಂದು ಅಮೆರಿಕದ ಪರೀಕ್ಷೆ ೨೦೧೩ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದವರು ೩೦ ಮಂದಿ. ಸಾರ ಸೇವಿಸಿದವರಲ್ಲಿ ಚರ್ಮವು ಸುಲಿದು ಒಸರುವುದು ಬಹಳ ಕಡಮೆಯಾಗಿತ್ತು. ೬೮೬ ಮಂದಿಯ ಮೇಲೆ ನಡೆದು ೨೦೧೮ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಆ ಗುಣವು ಕಾಣಲಿಲ್ಲ. ಚಿಕ್ಕ ಗುಂಪಿನಲ್ಲಿ ಹೊಳೆದುದು ದೊಡ್ಡ ಗುಂಪಿನಲ್ಲಿ ಮಸುಕಾಯಿತು.

ನಮ್ಮ ನಾಡಿನ ಪ್ರಯತ್ನವೊಂದನ್ನು ಇಲ್ಲಿ ಹೇಳಲೇಬೇಕು. ಮಂಗಳೂರಿನ ಫಾದರ್ ಮುಲ್ಲರ್ ವೈದ್ಯಕೀಯ ಸಂಸ್ಥೆಯವರು ತಲೆ ಮತ್ತು ಕತ್ತಿನ ಅರ್ಬುದಕ್ಕೆ ಕಿರಣಚಿಕಿತ್ಸೆ ಪಡೆಯುತ್ತಿದ್ದ ೫೦ ಮಂದಿಯಲ್ಲಿ, ಅರಿಸಿನವೂ ಗಂಧದ ಎಣ್ಣೆಯೂ ಸೇರಿದ ಲೇಪವನ್ನು ಶಿಶುಗಳಿಗೆ ಹಚ್ಚುವ ಎಣ್ಣೆಯೊಡನೆ ಹೋಲಿಸಿ ನೋಡಿ, ೨೦೧೪ರಲ್ಲಿ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಲೇಪ ಹಚ್ಚಿದವರಲ್ಲಿ ಚರ್ಮವಿಕಾರವು ಕಡಮೆಯಾಗಿತ್ತು. ಪರೀಕ್ಷೆಗೆ ಒಳಪಟ್ಟವರ ಸಂಖ್ಯೆ ಚಿಕ್ಕದು. ಕುರ್ಕುಮಿನ್ನಿನ ಕಥೆಯನ್ನು ನೆನೆದರೆ, ದೊಡ್ಡ ಪರೀಕ್ಷೆಗೆ ಮುಂಚೆ ಜಯಘೋಷ ಸಲ್ಲದು. ಆದರೂ ನಮ್ಮ ಮನೆಗಳ ಅರಿಸಿನ ಗಂಧಗಳನ್ನು ಹೊಗಳಿಕೆಯಿಂದ ಬಿಡಿಸಿ ತಕ್ಕಡಿಗೆ ಏರಿಸಿದ ಈ ಕಾರ್ಯವು ಶ್ಲಾಘ್ಯವಾದುದು.

೬

ಅಗ್ನಿದಗ್ಧದ ಮೂಲಿಕೆಗಳು ಕಿರಣದಗ್ಧದಲ್ಲಿ ಹೀಗೆ ತಡವರಿಸುವುದಕ್ಕೆ ಕಾರಣವೇನು? ಎರಡು ವಿಕಾರಗಳ ಸಂಪ್ರಾಪ್ತಿಯನ್ನು ಹೋಲಿಸಿದರೆ ಸ್ವಲ್ಪ ತಿಳಿವು ದೊರೆಯುತ್ತದೆ. ಬೆಂಕಿಯು ಹೊರಗಿನಿಂದ ಒಳಕ್ಕೆ ಸುಡುತ್ತ ಹೋಗುತ್ತದೆ. ಬೆಂಕಿಯನ್ನು ತೆಗೆದ ಮೇಲೆ ಉಳಿಯುವುದು ಗಾಯ. ಕಿರಣವು ಚರ್ಮದ ಮೇಲ್ಪದರಕ್ಕೆ ಬುಡದಂತಿರುವ ಜೀವಕಣಗಳನ್ನು, ಅವು ಒಡೆದು ಹೆಚ್ಚುವ ಶಕ್ತಿಯನ್ನು, ಕೆಡಿಸುತ್ತದೆ. ಮೇಲಿನ ಹಳೆಯ ಚರ್ಮವು ಎಂದಿನಂತೆ ಸವೆದು ಉದುರುತ್ತಿರುತ್ತದೆ, ಕೆಳಗಿನಿಂದ ಹೊಸದು ಬರುವುದು ಕುಂದುತ್ತದೆ. ಆದುದರಿಂದಲೇ ವಿಕಾರವು ಸಾಮಾನ್ಯವಾಗಿ ಎರಡು ಮೂರು ವಾರಗಳ ತರುವಾಯ ಕಾಣಿಸಿಕೊಳ್ಳುವುದು. ಅಲ್ಲದೆ ಈ 'ಬೆಂಕಿ'ಯನ್ನು ತೆಗೆದಿರುವುದಿಲ್ಲ; ನಾಳೆಯೂ ನಾಡಿದ್ದೂ ಅದೇ ಸ್ಥಳಕ್ಕೆ ಕಿರಣವು ಬೀಳಬೇಕಾಗಿದೆ. ಬುಡದಲ್ಲಿ ಆಗುತ್ತಿರುವ ಕೇಡಿಗೆ ತುದಿಯ ಲೇಪವು ಎಷ್ಟು ಎಟಕೀತು?

ಚರಿತ್ರೆಯೂ ಇದನ್ನೇ ಸಮರ್ಥಿಸುತ್ತದೆ. ಹಳೆಯ ಯಂತ್ರಗಳಲ್ಲಿ ಕಿರಣದ ಬಲವೆಲ್ಲ ಚರ್ಮದ ಮೇಲೆಯೇ ಅಧಿಕವಾಗಿ ಬೀಳುತ್ತಿತ್ತು. ೧೯೫೧ರಲ್ಲಿ ಕೆನಡಾ ದೇಶದಲ್ಲಿ ಕೋಬಾಲ್ಟ್ ಯಂತ್ರದ ಚಿಕಿತ್ಸೆ ಮೊದಲಾದ ಮೇಲೆ, ಕಿರಣದ ಪರಮಾವಧಿಯು ಚರ್ಮದಿಂದ ಸುಮಾರು ಐದು ಮಿಲಿಮೀಟರು ಕೆಳಕ್ಕೆ ಸರಿಯಿತು. ಆಮೇಲಿನ ಯಂತ್ರಗಳಲ್ಲಿ ಇನ್ನೂ ಕೆಳಕ್ಕೆ ಹೋಯಿತು. ಚರ್ಮಕ್ಕೆ ದೊರೆತ ಅತಿ ದೊಡ್ಡ ಉಪಶಮನವು ಇದೇ. ಇದರ ಜೊತೆಗೆ, ಕಿರಣ ಬಿದ್ದ ಭಾಗಕ್ಕೆ ನೀರನ್ನು ಸೋಕಿಸಬಾರದೆಂಬ ಹಳೆಯ ಕಟ್ಟಳೆಯು ಪರೀಕ್ಷೆಯಲ್ಲಿ ನಿಲ್ಲಲಿಲ್ಲ. ನೀರಿನಿಂದಲೂ ಮೃದುವಾದ ಸಾಬೂನಿನಿಂದಲೂ ಮೆಲ್ಲನೆ ತೊಳೆಯುವುದು ನಿರಪಾಯವೆಂದು ತಿಳಿದುಬಂದಿದೆ. ವೈದ್ಯರು ಬರೆದುಕೊಡುವ ಸ್ಟೀರಾಯ್ಡ್ ಲೇಪಗಳಿಗೂ ಪರೀಕ್ಷೆಗಳ ಬೆಂಬಲವಿದೆ.

ಇದೆಲ್ಲ ಬರಿಯ ವಾದದ ವಿಷಯವಲ್ಲ. ಚರ್ಮವು ಹೆಚ್ಚಾಗಿ ಸುಲಿದರೆ ಚಿಕಿತ್ಸೆಯನ್ನು ನಡುವೆ ನಿಲ್ಲಿಸಬೇಕಾಗಿ ಬರಬಹುದು. ತಲೆ ಕತ್ತುಗಳ ಅರ್ಬುದದಲ್ಲಿ ಹಾಗೆ ನಿಂತ ದಿನಗಳಲ್ಲಿ ರೋಗವು ಮತ್ತೆ ಬೆಳೆಯಲು ಎಡೆಯಾಗುತ್ತದೆ. ಅರ್ಬುದವನ್ನು ನಿಶ್ಶೇಷವಾಗಿ ತೆಗೆಯಬೇಕು, ಉಳಿದ ಶೇಷವು ಬೆಂಕಿಯಂತೆ ಮತ್ತೆ ಎದ್ದು ಕೊಲ್ಲುವುದೆಂದು ಸುಶ್ರುತನು ಚಿಕಿತ್ಸಾಸ್ಥಾನದಲ್ಲಿ ಹೇಳಿದ ಎಚ್ಚರವು ಇಲ್ಲಿ ಸ್ಮರಣೀಯ. ಮನೆಯವರು ಮಮತೆಯಿಂದ ಅರೆದು ಹಚ್ಚಿದ ಹಸಿಮೂಲಿಕೆಯು ಸುಲಿದ ಚರ್ಮದಲ್ಲಿ ನಂಜಾದರೆ, ಅಥವಾ ಲೇಪವಿದೆಯೆಂಬ ಧೈರ್ಯದಿಂದ ಗಾಯದ ಸಂಗತಿಯನ್ನು ವೈದ್ಯರಿಗೆ ಹೇಳದೆ ಹೋದರೆ, ಕೇಡು ಚರ್ಮಕ್ಕೆ ಮಾತ್ರ ನಿಲ್ಲುವುದಿಲ್ಲ. ಯಾವುದನ್ನೇ ಹಚ್ಚುವುದಾದರೂ ಕಿರಣಚಿಕಿತ್ಸೆಯ ವೈದ್ಯರಿಗೆ ತಿಳಿಸಿಯೇ ಹಚ್ಚಬೇಕು.

೭

ಹಾಗಾದರೆ ಹಳೆಯ ಗ್ರಂಥಕ್ಕೂ ಹೊಸ ಚಿಕಿತ್ಸೆಗೂ ಯಾವ ಸಾದೃಶ್ಯವೂ ಇಲ್ಲವೆ? ಇದೆ, ಆದರೆ ಅದು ಮೂಲಿಕೆಗಳ ಪಟ್ಟಿಯಲ್ಲಿಲ್ಲ, ಅಧ್ಯಾಯದ ರಚನೆಯಲ್ಲಿದೆ. ಸುಶ್ರುತನು ಸುಟ್ಟ ಗಾಯದ ಚಿಕಿತ್ಸೆಯನ್ನು ಬೇರೆಲ್ಲಿಯೋ ಹೇಳದೆ, ವೈದ್ಯನು ತಾನೇ ಸುಡುವ ವಿಧಿಯನ್ನು ಹೇಳಿದ ಅಧ್ಯಾಯದಲ್ಲಿಯೇ ಇಟ್ಟಿದ್ದಾನೆ. ನಾಲ್ಕು ದಗ್ಧಗಳಲ್ಲಿ ಒಂದಕ್ಕೆ 'ಸಮ್ಯಕ್' ಎಂಬ ವಿಶೇಷಣವಿರುವುದೂ ಅದಕ್ಕಾಗಿಯೇ. ಸುಡುವುದರಲ್ಲಿ ಸರಿಯಾದ ಒಂದು ಅಳತೆಯುಂಟು; ಅದಕ್ಕೆ ಕಡಮೆಯಾದರೆ ಫಲವಿಲ್ಲ, ಮೀರಿದರೆ ಅನರ್ಥ. ಇಂದಿನ ವೈದ್ಯರು ಕಿರಣದ ಚರ್ಮವಿಕಾರವನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸುವ ಒಂದು ಕ್ರಮವನ್ನು ಇಟ್ಟುಕೊಂಡಿದ್ದಾರೆ. ಸಂಖ್ಯೆಯು ಕೂಡಿಬಂದುದು ಆಕಸ್ಮಿಕ. ಆದರೆ ಗುಣಪಡಿಸುವುದಕ್ಕಾಗಿ ನೋಯಿಸುವವನು ಆ ನೋವನ್ನು ಅಳೆಯಬೇಕು, ದರ್ಜೆಗೆ ತಕ್ಕಂತೆ ಉಪಚರಿಸಬೇಕು ಎಂಬ ಧರ್ಮವು ಎರಡೆಡೆಯಲ್ಲಿಯೂ ಒಂದೇ.

ಲೋಳೆಸರವೂ ಅರಿಸಿನವೂ ಗಂಧವೂ ಈ ಧರ್ಮದ ಒಳಗೆ ಬರಬಹುದಾದ ದ್ರವ್ಯಗಳು. ಪರೀಕ್ಷೆಯಲ್ಲಿ ಗೆದ್ದುವು ಉಳಿಯಲಿ, ಸೋತುವನ್ನು ಬಿಡೋಣ. ಬಿಟ್ಟರೆ ಸಂಹಿತೆಗೆ ಯಾವ ನಷ್ಟವೂ ಇಲ್ಲ. ಪ್ಲುಷ್ಟಕ್ಕೆ ಒಂದು, ದುರ್ದಗ್ಧಕ್ಕೆ ಇನ್ನೊಂದು ಎಂದು ವಿಂಗಡಿಸಿ ಹೇಳಿದ ಆಚಾರ್ಯನು, ಅಗ್ನಿಯಲ್ಲದ ದಗ್ಧಕ್ಕೂ ಅಗ್ನಿಯ ಲೇಪವೇ ಸಾಕೆಂದು ಒಪ್ಪುತ್ತಿದ್ದನೆಂದು ತೋರುವುದಿಲ್ಲ.